ಕುಳಗೇರಿ ಕ್ರಾಸಿನಲ್ಲಿ ಒಂದು ಮಳೆಯ ದಿನ

ತರಗತಿಯಲ್ಲಿ ಪಾಠ ಹೇಳುವವನು ಕಠಿಣವಾದ ಪ್ರಶ್ನೆಗಳಿಗೆ ಅಷ್ಟಾಗಿ ಹೆದರುವುದಿಲ್ಲ. ಅವುಗಳಿಗೆ ಗ್ರಂಥಗಳಲ್ಲಿ ಉತ್ತರವಿರುತ್ತದೆ. ಹೆದರಬೇಕಾದುದು ಹಿಂದಿನ ಬೆಂಚಿನಿಂದ ಬರುವ ಸರಳವಾದ ಪ್ರಶ್ನೆಗೆ. ಒಂದು ದಿನ ನಾನು ‘ಕವಿರಾಜಮಾರ್ಗ’ದ ಪಾಠ ಹೇಳುತ್ತಿದ್ದೆ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಆ ಗ್ರಂಥವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಕರೆದು, ಅದರೊಳಗೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನೆಲವೇ ಕನ್ನಡದ ತಿರುಳೆಂದು ಹೇಳುತ್ತದೆಯಷ್ಟೆ. ಕಿಸುವೊಳಲೆಂದರೆ ಇಂದಿನ ಪಟ್ಟದಕಲ್ಲು, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ ಎಂದು ವಿವರಿಸುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ, ಪುಲಿಗೆರೆಯಿಂದ ಕಿಸುವೊಳಲಿಗೆ ನಡೆದು ಹೋದರೆ ಎಷ್ಟು ದಿನ ಹಿಡಿಯುತ್ತದೆ?”

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ನನಗೆ ತಿಳಿದಿರಲಿಲ್ಲ. ಹತ್ತು ವರ್ಷಗಳಿಂದ ಆ ಪದ್ಯದ ಅರ್ಥವನ್ನು ಹೇಳುತ್ತ ಬಂದ ನಾನು, ಆ ನೆಲದ ಮೇಲೆ ಬಸ್ಸಿನಲ್ಲಿ ಹೋದದ್ದುಂಟೇ ಹೊರತು ಒಂದು ಹರದಾರಿಯನ್ನೂ ನಡೆದವನಲ್ಲ. ಬರುವ ದಸರೆಯ ರಜೆಯಲ್ಲಿ ನಡೆದು ನೋಡಿ ಉತ್ತರ ಹೇಳುವೆನೆಂದು ಆ ಹುಡುಗನಿಗೆ ಮಾತು ಕೊಟ್ಟೆ. ಮನೆಯಲ್ಲಿ ಈ ಸಂಗತಿ ತಿಳಿದಾಗ ನನ್ನ ಹೆಂಡತಿ, “ಮಾತು ಕೊಟ್ಟಿದ್ದೀರಿ, ಹೋಗಿ ಬನ್ನಿ. ಆದರೆ ಹಸ್ತಾ ಮಳೆ ಇನ್ನೂ ಮುಗಿದಿಲ್ಲವೆಂಬುದು ನೆನಪಿರಲಿ” ಎಂದಳು. ಅವಳು ರೈತರ ಮನೆಯ ಮಗಳು. ನಾನೋ ಪಂಚಾಂಗವನ್ನು ಛಂದಸ್ಸಿನಷ್ಟು ಶ್ರದ್ಧೆಯಿಂದ ಓದಿದವನಲ್ಲ.

ನನ್ನ ಯೋಜನೆ ಏಳು ದಿನದ್ದು. ಲಕ್ಷ್ಮೇಶ್ವರದ ಸೋಮೇಶ್ವರನಿಗೆ ಕೈಮುಗಿದು ಹೊರಟು, ಮೊದಲ ರಾತ್ರಿ ‘ಧರ್ಮಾಮೃತ’ವನ್ನು ಬರೆದ ನಯಸೇನನ ಮುಳಗುಂದದಲ್ಲಿ ತಂಗಿದೆ. ಎರಡನೆಯ ರಾತ್ರಿ ಅಮೃತೇಶ್ವರನ ಅಣ್ಣಿಗೇರಿ, ಮೂರನೆಯದು ಜಮಖಾನೆಗಳಿಗೆ ಹೆಸರಾದ ನವಲಗುಂದ, ನಾಲ್ಕನೆಯದು ೧೮೫೮ರಲ್ಲಿ ಬಾಬಾಸಾಹೇಬನು ಆಂಗ್ಲರ ಮೇಲೆ ಕತ್ತಿಯೆತ್ತಿದ ನರಗುಂದ. ಐದನೆಯ ದಿನ ಸಂಜೆ ಮಲಪ್ರಭೆಯ ದಂಡೆಯ ಕೊಣ್ಣೂರನ್ನು ಸೇರಿದೆ. ಅಲ್ಲಿಯವರೆಗೆ ಆಕಾಶ ನಿರ್ಮಲವಾಗಿತ್ತು. ನೇಗಿಲ ಸಾಲಿನಂತೆ ನೇರವಾದ ದಾರಿ, ಎರಡೂ ಕಡೆ ಕಣ್ಣು ಹಾಯುವವರೆಗೆ ಎರೆಯ ಹೊಲ, ಕಿತ್ತು ಗುಡ್ಡೆ ಹಾಕಿದ ಉಳ್ಳಾಗಡ್ಡಿ, ಅರಳತೊಡಗಿದ ಹತ್ತಿ. ಆರನೆಯ ದಿನ ಬಾದಾಮಿ, ಏಳನೆಯ ದಿನ ಪಟ್ಟದಕಲ್ಲು ಎಂದು ಲೆಕ್ಕ ಹಾಕಿ ಮಲಗಿದೆ. ನಡುರಾತ್ರಿಯಲ್ಲಿ ತಗಡಿನ ಮೇಲೆ ಹನಿಗಳ ಸದ್ದಾಯಿತು.

ಎರೆಯ ಮಣ್ಣು

ಬೆಳಗ್ಗೆ ಆರು ಗಂಟೆಗೆ ನಾನು ಹೊರಟಾಗ ಮಳೆ ಜೋರಾಗಿರಲಿಲ್ಲ. ಆದರೆ ನಿಲ್ಲುವ ಲಕ್ಷಣವೂ ಇರಲಿಲ್ಲ. ಆಕಾಶವು ತೊಯ್ದ ಕಂಬಳಿಯಂತೆ ತಲೆಯ ಮೇಲೆ ಇಳಿಬಿದ್ದಿತ್ತು. ಕೊಣ್ಣೂರಿನಿಂದ ಸ್ವಲ್ಪ ಮುಂದೆ ಹೋದರೆ ಮಲಪ್ರಭೆಯ ಸೇತುವೆ. ಅದನ್ನು ದಾಟಿದರೆ ಗದಗ ಜಿಲ್ಲೆ ಮುಗಿದು, ೧೯೯೭ರಲ್ಲಿ ವಿಜಾಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲೂಕು ಮೊದಲಾಗುತ್ತದೆ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯು ಬೇಸಗೆಯಲ್ಲಿ ಬಡಕಲು ಹಸುವಿನಂತೆ ಮಲಗಿರುತ್ತದೆ. ೧೯೭೨ರಲ್ಲಿ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಸಿದ್ಧವಾದ ಮೇಲಂತೂ ಕೆಳಗಿನವರಿಗೆ ನೀರು ಕಾಣುವುದೇ ಅಪರೂಪ. ಆದರೆ ಅಣೆಕಟ್ಟು ತುಂಬಿ ಬಾಗಿಲು ತೆರೆದ ವರುಷ ನದಿಯು ತನ್ನ ಹಳೆಯ ಹಕ್ಕನ್ನು ನೆನಪಿಸಿಕೊಳ್ಳುತ್ತದೆ. ೨೦೧೯ರ ಆಗಸ್ಟಿನಲ್ಲಿ ಕೊಣ್ಣೂರಿಗೆ ನೀರು ನುಗ್ಗಿ, ಹುಬ್ಬಳ್ಳಿ–ಸೊಲ್ಲಾಪುರದ ಈ ಹೆದ್ದಾರಿಯೇ ಕಡಿದು ಹೋಗಿತ್ತು. ನಾನು ನಿಂತಿದ್ದ ದಿನ ನೀರು ಕೆಂಪಗೆ, ಮೌನವಾಗಿ, ಅವಸರವಿಲ್ಲದೆ ಹೋಗುತ್ತಿತ್ತು.

ಸೇತುವೆ ದಾಟಿ ಗೋವನಕೊಪ್ಪವನ್ನು ಹಿಂದೆ ಹಾಕಿದ ಮೇಲೆ ನನ್ನ ಮೊದಲನೆಯ ತಪ್ಪು ನಡೆಯಿತು. ಹೆದ್ದಾರಿಯ ಮೇಲೆ ಲಾರಿಗಳು ಹಾದುಹೋಗುವಾಗಲೆಲ್ಲ ಕೆಸರುನೀರು ಎರಚುತ್ತಿದ್ದವು. ಅದರಿಂದ ಬೇಸತ್ತು, ರಸ್ತೆಯ ಪಕ್ಕದಲ್ಲಿಯೇ ಹೋಗುವ ಬಂಡಿಯ ದಾರಿಗೆ ಇಳಿದೆ. ಎರೆಯ ಮಣ್ಣಿನ ಗುಣವನ್ನು ಬಲ್ಲವರು ಇಲ್ಲಿ ನಗುವರು. ಒಣಗಿದಾಗ ಕಲ್ಲಿನಂತೆ ಬಿರಿಯುವ ಈ ಮಣ್ಣು, ಒಮ್ಮೆ ನೀರು ಕುಡಿಯಿತೆಂದರೆ ಉಬ್ಬಿ, ಮಿದುವಾಗಿ, ಕಾಲಿಟ್ಟವರನ್ನು ಬಿಡುವುದಿಲ್ಲ. ನೀರನ್ನು ಹಿಡಿದಿಡುವ ಈ ಗುಣದಿಂದಲೇ ಮುಂಗಾರು ಮುಗಿದ ಮೇಲೂ ಇಲ್ಲಿ ಹಿಂಗಾರಿ ಜೋಳ, ಕಡಲೆಗಳು ಬೆಳೆಯುವುದು. ಅನ್ನ ಕೊಡುವ ಆ ಗುಣವೇ ದಾರಿಗನಿಗೆ ಶಾಪ. ಹತ್ತು ಹೆಜ್ಜೆಗೆ ಬೂಟು ಎರಡು ಪಟ್ಟು ತೂಕವಾಯಿತು. ಇಪ್ಪತ್ತು ಹೆಜ್ಜೆಗೆ ನಾನು ಎರಡು ರೊಟ್ಟಿಯ ಹೆಂಚುಗಳನ್ನು ಕಾಲಿಗೆ ಕಟ್ಟಿಕೊಂಡು ನಡೆಯುತ್ತಿದ್ದಂತೆ ಭಾಸವಾಯಿತು. ಕಡ್ಡಿಯಿಂದ ಕೆರೆದು ತೆಗೆದರೆ ಮತ್ತೆ ಹತ್ತು ಹೆಜ್ಜೆಗೆ ಅಷ್ಟೇ ಮಣ್ಣು. ಒಂದು ಗಂಟೆಯಲ್ಲಿ ಒಂದು ಮೈಲಿಯನ್ನೂ ಕ್ರಮಿಸಲಾರದೆ, ಪುನಃ ಹೆದ್ದಾರಿಯನ್ನೇ ಹತ್ತಿದೆ.

ಮಳೆಯಲ್ಲಿ ನಡೆಯುವವನಿಗೆ ನೀರಿನಿಂದ ಮೊದಲು ಕೆಡುವುದು ತಲೆಯಲ್ಲ, ಪಾದ. ತಲೆಗೆ ಕೊಡೆಯುಂಟು, ಟೊಪ್ಪಿಗೆಯುಂಟು. ನೆನೆದ ಕಾಲುಚೀಲದೊಳಗೆ ಪಾದದ ಚರ್ಮವು ಅವಲಕ್ಕಿಯಂತೆ ಮೆತ್ತಗಾಗಿ, ಉಜ್ಜಿದ ಕಡೆ ಬೊಬ್ಬೆ ಏಳುತ್ತದೆ. ಬೊಬ್ಬೆ ಒಡೆದರೆ ಪ್ರತಿಯೊಂದು ಹೆಜ್ಜೆಯೂ ಎಣಿಕೆಗೆ ಬರುತ್ತದೆ. ಅನುಭವಸ್ಥರು ಒಣ ಕಾಲುಚೀಲಗಳನ್ನು ಎಣ್ಣೆಕಾಗದದಲ್ಲಿಯೋ ಪ್ಲಾಸ್ಟಿಕ್ ಚೀಲದಲ್ಲಿಯೋ ಭದ್ರವಾಗಿ ಸುತ್ತಿಡುತ್ತಾರೆ. ನಾನು ಸುತ್ತಿಟ್ಟಿದ್ದು ‘ಕವಿರಾಜಮಾರ್ಗ’ದ ಪ್ರತಿಯನ್ನು. ಕಾಲುಚೀಲಗಳೂ ಮೊಬೈಲೂ ಚೀಲದ ಹೊರಗಿನ ಜೇಬಿನಲ್ಲಿ ನೆನೆಯುತ್ತಿದ್ದವು. ಕನ್ನಡ ಅಧ್ಯಾಪಕನ ವಿವೇಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ.

ನಾಲ್ಕು ದಾರಿಗಳ ಕೂಟ

ಹನ್ನೊಂದು ಗಂಟೆಯ ಸುಮಾರಿಗೆ ಕುಳಗೇರಿ ಕ್ರಾಸನ್ನು ತಲುಪಿದೆ. ಬಸ್ಸಿನಲ್ಲಿ ಹೋಗುವವರಿಗೆ ಇದು ಎರಡು ನಿಮಿಷದ ಊರು. ಹುಬ್ಬಳ್ಳಿಯಿಂದ ವಿಜಾಪುರಕ್ಕೆ ಹೋಗುವ ಹೆದ್ದಾರಿಯಿಂದ ಬಾದಾಮಿಯ ದಾರಿ ಇಲ್ಲಿ ಬಲಕ್ಕೆ ಹೊರಳುತ್ತದೆ. ನಿರ್ವಾಹಕನು ‘ಕ್ರಾಸ್, ಕ್ರಾಸ್’ ಎಂದು ಕೂಗುತ್ತಾನೆ, ನಾಲ್ವರು ಇಳಿಯುತ್ತಾರೆ, ಆರು ಜನ ಹತ್ತುತ್ತಾರೆ. ಚಹಾದ ಅಂಗಡಿಗಳು, ಹಣ್ಣಿನ ಬಂಡಿಗಳು, ಗೊಬ್ಬರ ಬೀಜದ ಅಂಗಡಿ, ಟಾಯರಿಗೆ ಗಾಳಿ ತುಂಬುವವನು. ಕನ್ನಡದ ಊರಿನ ಹೆಸರಿಗೆ ಆಂಗ್ಲದ ಬಾಲ ಅಂಟಿಕೊಂಡು, ಅದೇ ಅದರ ನಿಜನಾಮವಾಗಿ ಬಿಟ್ಟಿದೆ. ಹಿಂದೆ ಇಂಥ ಸ್ಥಳದಲ್ಲಿ ಒಂದು ಅರವಟ್ಟಿಗೆಯೋ ಧರ್ಮಶಾಲೆಯೋ ಇರುತ್ತಿತ್ತು. ಈಗ ಆ ಕೆಲಸವನ್ನು ಚಹಾದ ಅಂಗಡಿಗಳೇ ಮಾಡುತ್ತವೆ.

ತಗಡಿನ ಚಪ್ಪರದ ಒಂದು ಅಂಗಡಿಯ ಬೆಂಚಿನ ಮೇಲೆ ಕುಸಿದು ಕುಳಿತೆ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಬಾಣಲೆಯಲ್ಲಿ ಮಿರ್ಚಿ ಭಜಿ ಸಿಡಿಯುತ್ತಿತ್ತು. ಅಂಗಡಿಯಾತ ನಾಲ್ವತ್ತರ ಆಸುಪಾಸಿನವನು. ನನ್ನ ಬೆನ್ನಚೀಲವನ್ನೂ ಕೆಸರುಗಾಲುಗಳನ್ನೂ ನೋಡಿ, “ಏನ್ರಿ ಸರ, ಬನದ ಹುಣ್ಣಿಮಿ ಇನ್ನ ಮೂರ ತಿಂಗಳ ಐತಿ. ಈಗ್ಯಾಕ ನಡಕೋತ ಹೊಂಟೀರಿ?” ಎಂದ. ಪುಷ್ಯಮಾಸದ ಬನಶಂಕರಿಯ ಜಾತ್ರೆಗೆ ಬಾದಾಮಿಯತ್ತ ನಡೆದುಹೋಗುವ ಭಕ್ತರನ್ನು ನೋಡಿ ಅವನಿಗೆ ರೂಢಿ. ದೇವರ ಹರಕೆಯಿಲ್ಲದೆ ನಡೆಯುವವನನ್ನು ಕಂಡದ್ದು ಅದೇ ಮೊದಲಿರಬೇಕು. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಿರುವೆನೆಂದು ಹೇಳಿದೆ. ಅವನು ಒಂದು ಕ್ಷಣ ಯೋಚಿಸಿ, “ಬಸ್ಸ ಐತಲ್ರಿ” ಎಂದ. ನನ್ನ ಪ್ರಾಚೀನ ಸಾಹಿತ್ಯದ ವಿದ್ವತ್ತೆಲ್ಲ ಆ ಎರಡು ಶಬ್ದಗಳ ಮುಂದೆ ನಿರುತ್ತರವಾಯಿತು.

ಒಲೆಯ ಪಕ್ಕದಲ್ಲಿ ಅವನ ತಾಯಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಹಣೆಯ ತುಂಬ ಕುಂಕುಮದ ಬದಲು ವಿಭೂತಿ. ಆಕೆ ನನ್ನನ್ನು ನೋಡದೆಯೇ, “ಜಡಿ ಹತ್ತೈತಿ ಯಪ್ಪಾ. ಇವತ್ತ ಬಿಡೂದಿಲ್ಲ. ಇಲ್ಲೇ ಇದ್ದ ನಾಳಿ ಹೋಗು” ಎಂದಳು. ನಾನು ಗಡಿಯಾರ ನೋಡಿದೆ. ಏಳು ದಿನದ ಲೆಕ್ಕ ತಪ್ಪಕೂಡದು. ಒಂದು ಗಂಟೆಯವರೆಗೆ ಕಾದು, ಮಳೆ ಕೊಂಚ ತೆಳುವಾದುದನ್ನು ಕಂಡು, ಚಹಾದ ಹಣ ಕೊಟ್ಟು ಎದ್ದೆ. ಆಕೆ ಏನೂ ಹೇಳಲಿಲ್ಲ. ತನ್ನ ಪಕ್ಕದಲ್ಲಿದ್ದ ಗೋಣಿಚೀಲವೊಂದರ ಮೂಲೆಯನ್ನು ಒಳಕ್ಕೆ ಮಡಿಸಿ ಕೊಪ್ಪೆ ಮಾಡಿ ನನ್ನ ತಲೆಯ ಮೇಲೆ ಹಾಕಿದಳು. ನಗರದಲ್ಲಿ ಕೊಂಡ ನನ್ನ ಮಳೆಯಂಗಿಗಿಂತ ಅದು ಬೆಚ್ಚಗಿತ್ತು.

ಹಳ್ಳ ಬಂತು

ಬಾದಾಮಿಯ ಡಾಂಬರು ರಸ್ತೆಯನ್ನೇ ಹಿಡಿದು ಹೋಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ವಲ್ಪ ದೂರ ಹೋದ ಮೇಲೆ ದಾರಿಯಲ್ಲಿ ಸಿಕ್ಕಿದವನೊಬ್ಬ, ಹೊಲಗಳ ನಡುವೆ ಹೋಗುವ ದಾರಿ ಹತ್ತಿರವೆಂದು ಯಾವುದೋ ಒಣ ದಿನದ ನೆನಪಿನಿಂದ ಹೇಳಿದ. ಇಲ್ಲಿ ಎರೆ ಮುಗಿದು ಕೆಂಪು ಮಸಾರಿ ಮಣ್ಣು ತೊಡಗುವುದರಿಂದ ಕಾಲಿಗೆ ಅಂಟುವುದೂ ಕಡಿಮೆ. ಅರ್ಧ ದಿನದ ನಷ್ಟವನ್ನು ತುಂಬಿಕೊಳ್ಳುವ ಆಸೆಯಿಂದ ಆ ದಾರಿಯನ್ನು ಹಿಡಿದೆ. ಇದು ಎರಡನೆಯ ತಪ್ಪು.

ಮುಂದೆ ಒಂದು ಹಳ್ಳ ಅಡ್ಡ ಬಂತು. ಅಗಲ ಹದಿನೈದು ಹೆಜ್ಜೆ ಇದ್ದೀತು. ಸೇತುವೆಯಿಲ್ಲ. ಬಂಡಿಗಳು ಇಳಿದು ಹತ್ತುವ ಜಾಡು ಮಾತ್ರ. ನಡುವೆ ಮೊಣಕಾಲ ಕೆಳಗಿನಷ್ಟು ನೀರು. ಆಚೆಯ ದಂಡೆಯ ಕಲ್ಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಬೂಟು ಬಿಚ್ಚಿ ಕೊರಳಿಗೆ ಕಟ್ಟಿಕೊಂಡು, ಕೋಲನ್ನು ಊರಿ, ನೀರಿಗೆ ಕಾಲಿಟ್ಟೆ. ನಾಲ್ಕು ಹೆಜ್ಜೆ ಹೋಗಿರಬಹುದು.

“ನಿಂದರ್ರೀ! ಏ ಸರ, ಹಿಂದ ಬರ್ರೀ!”

ತಿರುಗಿ ನೋಡಿದೆ. ದಿಬ್ಬದ ಮೇಲೆ ಕಂಬಳಿ ಹೊದ್ದ ಒಬ್ಬ ಕುರುಬ, ಅವನ ಸುತ್ತ ತೊಯ್ದು ಒತ್ತೊತ್ತಾಗಿ ನಿಂತ ಕುರಿಗಳು. ನೀರು ಇಷ್ಟೇ ಇದೆಯಲ್ಲಾ ಎಂದು ಕೈಸನ್ನೆಯಿಂದ ತೋರಿಸಿದೆ. ಅವನು ಕೋಲನ್ನೆಸೆದು ಇಳಿದು ಓಡಿಬಂದ. ದಂಡೆಯಲ್ಲಿ ನಿಂತು, “ನೀರ ಬಣ್ಣ ನೋಡ್ರಿ” ಎಂದ. ನೋಡಿದೆ. ನಾನು ಕಾಲಿಟ್ಟಾಗ ಚಹಾದಂತಿದ್ದ ನೀರು ಈಗ ಕಾವಿಯ ಬಣ್ಣಕ್ಕೆ ತಿರುಗಿತ್ತು. ಮೇಲೆ ನೊರೆ, ಒಣ ಕಡ್ಡಿ, ಜೋಳದ ರವದಿ. “ಮ್ಯಾಲ ಗುಡ್ಡದಾಗ ಮಳಿ ಹೊಡದೈತಿ. ಹಳ್ಳ ಬರತೈತಿ” ಎಂದು ನನ್ನ ತೋಳು ಹಿಡಿದು ಎಳೆದ.

ನಾನು ದಂಡೆಯನ್ನು ಹತ್ತಿ ಬೂಟಿನ ದಾರವನ್ನು ಕಟ್ಟಿ ಮುಗಿಸಿರಲಿಲ್ಲ. ಮೇಲುಗಡೆಯಿಂದ ಒಂದು ಸದ್ದು ಕೇಳಿಸಿತು. ಬಂಡೆಯ ಮೇಲೆ ಹಲವು ಬಂಡಿಗಳು ಒಟ್ಟಿಗೆ ಓಡಿಬಂದಂತೆ. ತಿರುವಿನಲ್ಲಿ ನೀರಿನ ಗೋಡೆಯೇನೂ ಕಾಣಿಸಲಿಲ್ಲ, ಕಥೆಗಳಲ್ಲಿ ಬರೆಯುವಂತೆ. ಹಳ್ಳವು ಮೊದಲು ಉಬ್ಬಿತು, ಬಳಿಕ ಅಗಲವಾಯಿತು, ಬಳಿಕ ನಾನು ನಿಂತು ನೋಡಿದ್ದ ಕಲ್ಲುಗಳು ಒಂದೊಂದಾಗಿ ಮಾಯವಾದವು. ಬೇರುಸಹಿತ ಬಂದ ಒಂದು ಜಾಲಿಯ ಗಿಡವು ನಾನು ನಾಲ್ಕನೆಯ ಹೆಜ್ಜೆಯಿಟ್ಟಿದ್ದ ಜಾಗದಲ್ಲಿ ಒಂದು ಸುತ್ತು ತಿರುಗಿ ಮುಂದೆ ಹೋಯಿತು. ನನ್ನ ಕೈಗಳು ನಡುಗುತ್ತಿದ್ದವು. ಚಳಿಯಿಂದೆಂದು ಅವನಿಗೆ ಹೇಳಿದೆ. ಅವನು ನಂಬಿದನೋ ಇಲ್ಲವೋ, ತನ್ನ ಕಂಬಳಿಯ ಒಂದು ತುದಿಯನ್ನು ನನ್ನ ಮೇಲೆ ಹಾಕಿದ.

ಬಾದಾಮಿಯ ಸುತ್ತಣ ಗುಡ್ಡಗಳು ಮರಳುಗಲ್ಲಿನವು. ಅವುಗಳ ನೆತ್ತಿ ಬೋಳು ಬಂಡೆ. ಅಲ್ಲಿ ಬಿದ್ದ ಮಳೆ ಇಂಗುವುದಿಲ್ಲ. ಎಲ್ಲವೂ ಒಟ್ಟಾಗಿ ಕೆಳಗೆ ಇಳಿಯುತ್ತದೆ. ಆದುದರಿಂದ ನೆತ್ತಿಯ ಮೇಲೆ ತುಂತುರು ಇರುವಾಗಲೂ, ಹರದಾರಿಯಾಚೆ ಸುರಿದ ಮಳೆಗೆ ಹಳ್ಳ ತುಂಬಬಹುದು. ಹರಿಯುವ ನೀರು ಮೊಣಕಾಲುದ್ದವಿದ್ದರೂ ಸಾಕು, ದೊಡ್ಡವರನ್ನು ಕೆಡವುತ್ತದೆ. ಒಮ್ಮೆ ಬಿದ್ದವನಿಗೆ ಏಳುವ ಅವಕಾಶವನ್ನು ಕೊಡುವುದಿಲ್ಲ. ಈ ಸಂಗತಿಯನ್ನು ಪ್ರವಾಸಕ್ಕೆ ಹೋಗುವ ನಮ್ಮ ನಗರದ ತರುಣರು ದಯವಿಟ್ಟು ನೆನಪಿನಲ್ಲಿಡಬೇಕು. ನೀರಿನ ಆಳವನ್ನು ನೋಡುವ ಮೊದಲು ಅದರ ಬಣ್ಣವನ್ನು ನೋಡಬೇಕು.

ಭಾಷೆಯ ಅಧ್ಯಾಪಕನಾದ ನನಗೆ ಆ ಕ್ಷಣದಲ್ಲಿಯೂ ಒಂದು ವಿಷಯ ಹೊಳೆಯದೆ ಇರಲಿಲ್ಲ. ‘ಹಳ್ಳ ಬರತೈತಿ’ ಎಂದನಲ್ಲ ಆತ. ವ್ಯಾಕರಣದ ಪ್ರಕಾರ ಹಳ್ಳ ಇದ್ದಲ್ಲಿಯೇ ಇರುವ ವಸ್ತು. ವರುಷವೆಲ್ಲ ಅಲ್ಲಿಯೇ ಮಲಗಿರುತ್ತದೆ. ಆದರೆ ಈ ಜನರ ನುಡಿಯಲ್ಲಿ ಅದು ‘ಬರುತ್ತದೆ’, ‘ಹೋಗುತ್ತದೆ’. ಸಾವಿರ ವರ್ಷ ಇದರ ದಂಡೆಯಲ್ಲಿ ಬಾಳಿ, ಅದರ ಕೈಯಲ್ಲಿ ಎತ್ತು, ಬಂಡಿ, ಮಕ್ಕಳನ್ನು ಕಳೆದುಕೊಂಡವರ ವ್ಯಾಕರಣ ಅದು. ನಾನು ಆ ವಾಕ್ಯವನ್ನು ಸಣ್ಣಂದಿನಿಂದ ಕೇಳಿದ್ದೆ. ಅರ್ಥವಾದದ್ದು ಅಂದು.

ಹೋಗಲಾರದವನ ಕಥೆ

ಸಂಜೆ ನಾಲ್ಕೂವರೆಗೆ ಅದೇ ಚಹಾದ ಅಂಗಡಿಯ ಮುಂದೆ ಬಂದು ನಿಂತೆ. ಬಾದಾಮಿಯ ಬಸ್ಸು ಹೊರಡಲು ಸಿದ್ಧವಾಗಿತ್ತು. ಒಳಗೆ ದೀಪ ಉರಿಯುತ್ತಿತ್ತು, ಆಸನಗಳು ಒಣಗಿದ್ದವು. ಹತ್ತಿ ಕುಳಿತರೆ ಗಂಟೆಯೊಳಗೆ ಬಾದಾಮಿಯ ವಸತಿಗೃಹದ ಬಿಸಿನೀರು. ಏಳು ದಿನದ ಲೆಕ್ಕವೂ ಸರಿಹೋಗುತ್ತಿತ್ತು. ನಡುವಣ ಒಂದು ದಿನದ ದಾರಿಯನ್ನು ಬಸ್ಸಿನಲ್ಲಿ ಬಂದೆನೆಂದು ಯಾರು ಕೇಳುವವರು? ನಿಜ ಹೇಳುವೆನು, ನಾನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ. ಮುಂಜಾನೆ ಬಸ್ಸನ್ನು ಬೇಡವೆಂದದ್ದು ಜಂಬದಿಂದ. ಈಗ ಹತ್ತಲು ಹೊರಟಿದ್ದು ಭಯದಿಂದ. ಎರಡೂ ಒಳ್ಳೆಯ ಕಾರಣಗಳಲ್ಲ.

ಆಗ ಮುದುಕಿ ಕೂಗಿದಳು: “ಬಂದಿ? ಬಾ, ಒಲಿ ಮುಂದ ಕುಂದರು.” ‘ಯಾಕೆ ಹಿಂದಿರುಗಿದೆ’ ಎಂದು ಕೇಳಲಿಲ್ಲ. ನನ್ನನ್ನು ಕಾಯುತ್ತಿದ್ದವಳಂತೆ ಒಣ ಧೋತರವೊಂದನ್ನು ಮುಂದೆ ಹಿಡಿದಳು. ನಾನು ಕಾಲನ್ನು ಕೆಳಗಿಳಿಸಿದೆ. ಬಸ್ಸು ಹೋಯಿತು.

ಆ ರಾತ್ರಿ ಕರೆಂಟು ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬುಡ್ಡಿಯ ಬೆಳಕಿನಲ್ಲಿ ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ನನ್ನ ಪಾದಗಳಿಗೆ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ. ಮಾತಿನ ನಡುವೆ ನಾನು ಹಳ್ಳದ ಸಂಗತಿಯನ್ನು ಹೇಳಿದೆ. ಮುದುಕಿ ಬಹಳ ಹೊತ್ತು ಸುಮ್ಮನಿದ್ದು, ತನ್ನ ಕಥೆಯನ್ನು ಹೇಳಿದಳು.

ಅವರದು ಮೊದಲು ಹೊಳೆಯ ದಂಡೆಯ ಹಳ್ಳಿ. ೨೦೦೯ರ ಸೆಪ್ಟೆಂಬರದ ಕೊನೆಯಲ್ಲಿ, ಇದೇ ಹಸ್ತಾ ಮಳೆಯಲ್ಲಿ, ಉತ್ತರ ಕರ್ನಾಟಕವೆಲ್ಲ ಕಡಲಾದುದು ಓದುಗರಿಗೆ ನೆನಪಿರಬಹುದು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡ ಮಳೆ ಅದು. ಮೂರು ದಿನ ಬಿಡದೆ ಸುರಿಯಿತು. ಮಣ್ಣಿನ ಮಾಳಿಗೆಗಳು ನೆನೆನೆನೆದು ಕುಸಿದವು. ಊರಿನವರೆಲ್ಲ ಗುಡಿಯ ಎತ್ತರದ ಕಟ್ಟೆಯನ್ನು ಸೇರಿದ್ದರಂತೆ. ಆಕೆಯ ಗಂಡ ಮಾತ್ರ, ಹಗೇವಿನಲ್ಲಿದ್ದ ಜೋಳಕ್ಕೆ ನೀರು ಹೋದೀತೆಂದು, ಅದರ ಬಾಯಿಗೆ ಮಣ್ಣು ಮೆತ್ತಲು ಮನೆಗೆ ಹಿಂದಿರುಗಿದ. “ಒಂದ ಗಳಿಗಿ, ಬಂದ್ನಿ ಅಂದಾ. ಗ್ವಾಡಿ ಕುಂತ್ತು” ಎಂದಳು. ಅಷ್ಟೇ. ಗೋಡೆ ಕುಳಿತಿತು. ಅದರ ಕೆಳಗೆ ಅವನಿದ್ದ. ಸರಕಾರದ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆ ಸಿಕ್ಕಿತು. ಆದರೆ ಹೊಲ ಹೊಳೆಯ ದಂಡೆಯಲ್ಲಿಯೇ ಉಳಿಯಿತು. ಮಗ ಹೊಲವನ್ನು ಕೋರಿಗೆ ಕೊಟ್ಟು ಕ್ರಾಸಿನಲ್ಲಿ ಅಂಗಡಿ ಹಾಕಿದ.

“ಮುಂಜಾನಿ ನೀ ಹೋಗ್ತೀನಿ ಅಂದಾಗ ತಡೀಬೇಕಂತ ಮಾಡಿದ್ಯಾ” ಎಂದು ಕೇಳಿದೆ, ನನಗರಿವಿಲ್ಲದೆಯೇ ಅವರ ನುಡಿಗೆ ಜಾರಿ.

“ಹೋಗಾಂವಗ ಬ್ಯಾಡ ಅನಬಾರದ ಯಪ್ಪಾ. ಅವಂಗೂ ನಾ ಬ್ಯಾಡ ಅಂದಿದ್ದೆ” ಎಂದಳು. ತುಸು ಹೊತ್ತಿನ ಮೇಲೆ, “ದಾರಿ ಎಲ್ಲೂ ಓಡಿ ಹೋಗೂದಿಲ್ಲ. ನಾಳಿನೂ ಇಲ್ಲೇ ಇರತೈತಿ” ಎಂದಳು.

ನಡೆಯದ ದಿನದ ಪುಣ್ಯ

ಕಂಬಳಿಯ ಮೇಲೆ ಮಲಗಿ, ಮಳೆಯ ಸದ್ದನ್ನು ಕೇಳುತ್ತ, ನಾನು ಹಿಂದಿನ ನಡಿಗೆಯವರನ್ನು ನೆನೆದೆ. ಬುದ್ಧನು ತನ್ನ ಭಿಕ್ಷುಗಳಿಗೆ ವರ್ಷವೆಲ್ಲ ಸಂಚರಿಸಲು ಹೇಳಿದವನು. ಆದರೆ ಮಳೆಗಾಲದ ಮೂರು ತಿಂಗಳು ಒಂದೆಡೆ ನಿಲ್ಲಬೇಕೆಂದು ಕಟ್ಟಳೆ ಮಾಡಿದ. ನಮ್ಮ ಜೈನ ಮುನಿಗಳು ಇಂದಿಗೂ ಚಾತುರ್ಮಾಸದಲ್ಲಿ ಊರು ಬಿಟ್ಟು ಕದಲುವುದಿಲ್ಲ. ಹಸುರು ಮೊಳಕೆಗಳೂ ಹುಳುಹುಪ್ಪಟೆಗಳೂ ಕಾಲಡಿ ಸಿಕ್ಕಿ ಸಾಯಬಾರದೆಂಬುದು ಅದರ ಉದ್ದೇಶ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿರುವ ತೀರ್ಥಂಕರರ ಮುಂದೆ ನಾನು ಎಷ್ಟೋ ಸಲ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿದ್ದೇನೆ. ನಡೆಯುವವನ ಕಾಲನ್ನೂ ಆ ಕಟ್ಟಳೆ ಕಾಯುತ್ತಿತ್ತೆಂಬುದು ಮಾತ್ರ ಹೊಳೆದಿರಲಿಲ್ಲ. ಇತ್ತ ವಾರಕರಿಗಳು ಆಷಾಢದ ಮಳೆಯಲ್ಲಿಯೇ ಪಂಢರಪುರಕ್ಕೆ ನಡೆಯುತ್ತಾರೆ. ಆದರೆ ಅವರು ದಿಂಡಿ ಕಟ್ಟಿಕೊಂಡು ಹೋಗುವವರು, ಒಬ್ಬ ಜಾರಿದರೆ ಹತ್ತು ಕೈ ಹಿಡಿಯುತ್ತವೆ. ಒಂಟಿಯಾಗಿ ನಡೆಯುವವನಿಗೆ ದಾರಿಯಲ್ಲಿ ಸಿಕ್ಕವರೇ ದಿಂಡಿ.

ಅಮೆರಿಕದಲ್ಲಿ ಜಾರ್ಜಿಯಾದಿಂದ ಮೇನ್ ಪ್ರಾಂತದವರೆಗೆ ಅಪಲೇಶಿಯನ್ ಪರ್ವತಗಳ ಮೇಲೆ ಸುಮಾರು ೩,೫೦೦ ಕಿಲೋಮೀಟರು ಉದ್ದದ ಕಾಲುದಾರಿಯಿದೆ. ೧೯೩೭ರಲ್ಲಿ ಪೂರ್ಣವಾದ ಆ ದಾರಿಯನ್ನು ೧೯೪೮ರಲ್ಲಿ ಅರ್ಲ್ ಶೇಫರ್ ಎಂಬಾತ, ಯುದ್ಧದಿಂದ ಹಿಂದಿರುಗಿದ ಸೈನಿಕ, ಒಂದೇ ಸಲಕ್ಕೆ ಒಬ್ಬನೇ ನಡೆದು ಮುಗಿಸಿದ. ಇಂದು ಅಲ್ಲಿ ನಡೆಯುವವರು ಹೆಜ್ಜೆ ಇಡದೆ ಕುಳಿತ ದಿನವನ್ನು ‘ಸೊನ್ನೆಯ ದಿನ’ ಎಂದು ದಿನಚರಿಯಲ್ಲಿ ಗುರುತಿಸುತ್ತಾರೆ. ಸೊನ್ನೆಯೆಂದರೆ ಬರಿದಲ್ಲ, ಅದರಿಂದಲೇ ಉಳಿದ ಅಂಕೆಗಳಿಗೆ ಬೆಲೆ ಎಂಬುದನ್ನು ಲೆಕ್ಕದ ಮೇಷ್ಟರು ನಮಗೆ ಹೇಳಿಕೊಟ್ಟಿದ್ದಾರೆ.

ಎಲ್ಲರಿಗಿಂತ ಹೆಚ್ಚಾಗಿ ನನಗೆ ನೆನಪಾದವನು ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗ್. ಅವನು ಸುಮಾರು ೬೪೧ರಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಇಲ್ಲಿಯ ಜನ ಅಭಿಮಾನಿಗಳು, ಉಪಕಾರವನ್ನು ಮರೆಯದವರು, ಅಪಕಾರವನ್ನು ಸಹಿಸದವರು, ಕಷ್ಟದಲ್ಲಿದ್ದವನು ನೆರವು ಕೇಳಿದರೆ ತಮ್ಮನ್ನೇ ಮರೆತು ಧಾವಿಸುವವರು ಎಂಬರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಇದನ್ನು ನಾನು ಪರೀಕ್ಷೆಯ ಟಿಪ್ಪಣಿಯಾಗಿ ಎಷ್ಟು ಸಲ ಬರೆಸಿದ್ದೇನೋ. ಕುರುಬನು ಕೋಲನ್ನೆಸೆದು ಓಡಿಬಂದದ್ದನ್ನು ನೆನೆದಾಗ, ಆ ಟಿಪ್ಪಣಿಗೆ ಹದಿಮೂರು ನೂರು ವರ್ಷಗಳಿಗೂ ಮೇಲಾಗಿದೆಯೆಂದು ತೋರಲಿಲ್ಲ. ಇನ್ನು, ನಾನು ನೆರವನ್ನು ಕೇಳಿಯೂ ಇರಲಿಲ್ಲ.

ಬೆಳಗಾಗುವಾಗ ಮಳೆ ನಿಂತಿತ್ತು. ಅಂಗಡಿಯಾತ ಹೊರಗೆ ನಿಂತು, ಹೊಲದ ಮಣ್ಣನ್ನು ಹಿಡಿಯಲ್ಲಿ ಹಿಂಡಿ, “ಹಸಿ ಭಾಳ ಆತು. ಉಳ್ಳಾಗಡ್ಡಿ ಕೊಳಿತಾವ. ಆದ್ರ ಬಿಳಿಜ್ವಾಳಕ್ಕ ಚಲೋ” ಎಂದ. ಒಂದೇ ಮಳೆಯಲ್ಲಿ ಒಬ್ಬನ ನಷ್ಟ, ಇನ್ನೊಬ್ಬನ ಬಿತ್ತನೆ. ಇಬ್ಬರೂ ಒಬ್ಬನೇ ಆಗಿರುವುದೂ ಉಂಟು. ಊಟದ ಹಣವನ್ನು ಕೊಡಹೋದರೆ ಮುದುಕಿ, “ಉಂಡದ್ದಕ್ಕ ರೊಕ್ಕಾ ಇಸಗೊಂಡ್ರ ಒಲಿ ಏನ ಅಂದೀತು?” ಎಂದು ಕೈ ಹಿಂದೆ ಸರಿಸಿದಳು. ಗೋಣಿಚೀಲದ ಕೊಪ್ಪೆಯನ್ನು ಹಿಂದಿರುಗಿಸಿದೆ. ಅದನ್ನೂ ನನ್ನ ಹೆಗಲಿಗೇ ಹಾಕಿದಳು.

ಡಾಂಬರು ರಸ್ತೆಯನ್ನೇ ಹಿಡಿದು ಸಂಜೆಯೊಳಗೆ ಬಾದಾಮಿಯನ್ನು ಸೇರಿದೆ. ಅಗಸ್ತ್ಯತೀರ್ಥದ ಮೇಲಣ ಕೆಂಪು ಬಂಡೆಯಿಂದ ಅಕ್ಕ-ತಂಗಿಯರ ದಿಡಗು ಎರಡು ಬಿಳಿಯ ಜಡೆಗಳಂತೆ ಇಳಿಯುತ್ತಿತ್ತು. ಮಳೆಯ ದಿನಗಳಲ್ಲಿ ಮಾತ್ರ ಕಾಣಿಸಿಕೊಳ್ಳುವ ನೋಟ. ಹಿಂದಿನ ದಿನ ಹಳ್ಳದಲ್ಲಿ ನನ್ನನ್ನು ನುಂಗಲು ಬಂದುದೂ ಇಂಥ ಬಂಡೆಗಳಿಂದ ಇಳಿದ ನೀರೇ. ಮರುದಿನ ಪಟ್ಟದಕಲ್ಲು. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷನ ಮುಂದೆ ಬೂಟು ಕಳಚಿ ಕುಳಿತಾಗ, 'ತಿರುಳು' ಎಂಬ ಶಬ್ದಕ್ಕೆ ತರಗತಿಯಲ್ಲಿ ಹೇಳುವ ಅರ್ಥವನ್ನು ಇನ್ನು ಮುಂದೆ ತುಸು ತಿದ್ದಬೇಕೆನಿಸಿತು.

ರಜೆ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನಿಗೆ ಉತ್ತರ ಹೇಳಿದೆ: “ನಡೆದರೆ ಏಳು ದಿನ. ಮಳೆ ಬಂದರೆ ಎಂಟು.” ತರಗತಿ ಮತ್ತೆ ನಕ್ಕಿತು. ಅವನು ನಗಲಿಲ್ಲ. “ಆ ಒಂದು ದಿನ ಏನು ಮಾಡಿದಿರಿ ಸರ?” ಎಂದು ಕೇಳಿದ. ಆ ಗಂಟೆಯೆಲ್ಲ ಅದನ್ನೇ ಹೇಳಿದೆ.

ಆ ರಾತ್ರಿ ಅಂಗಡಿಯಾತನ ಮೊಬೈಲಿನಿಂದ ನಾನು ಮನೆಗೆ ಮಾತಾಡಿದ್ದೆ. “ಎಲ್ಲಿದ್ದೀರಿ?” ಎಂದಳು ಹೆಂಡತಿ. “ಕುಳಗೇರಿ ಕ್ರಾಸಿನಲ್ಲಿ. ಮಳೆ ಬರುತ್ತಿದೆ. ಸುಮ್ಮನೆ ಕುಳಿತಿದ್ದೇನೆ” ಎಂದೆ. “ಅಷ್ಟು ಬುದ್ಧಿ ಬಂತಲ್ಲ” ಎಂದಳು. ಬುದ್ಧಿ ಹೇಗೆ ಬಂತೆಂಬುದನ್ನು ಆಗ ಹೇಳಲಿಲ್ಲ. ಹಳ್ಳದ ಸಂಗತಿಯನ್ನು ಅವಳು ಮೊದಲ ಬಾರಿಗೆ ಓದುವುದು ಈ ಪುಟದಲ್ಲಿಯೇ. ಆ ಗೋಣಿಚೀಲ ನಮ್ಮ ಮನೆಯ ಬಾಗಿಲ ಹಿಂದೆ ಯಾಕೆ ನೇತಾಡುತ್ತಿದೆಯೆಂದು ಅವಳು ಇನ್ನು ಮುಂದೆ ಕೇಳಲಿಕ್ಕಿಲ್ಲ.